ಪೇಟೆ ಬೀದಿಯ ಕರೆಂಟ್ ಅಕೌಂಟ್‌ನಿಂದ ಹಾಂಗ್‌ಕಾಂಗ್‌ವರೆಗೆ: ಕಪ್ಪು ಹಣ ದೇಶ ಬಿಡೋದು ಹೇಗೆ?

2025ರ ಜುಲೈ ತಿಂಗಳು ನೆನಪಿದೆಯಲ್ಲ? ಬೇಕರಿ, ಕಾಂಡಿಮೆಂಟ್ಸ್, ಹೂವಿನ ಅಂಗಡಿ, ಹಾಲಿನ ಬೂತ್, ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದ್ದರು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಆಗ ಟೀ ಅಂಗಡಿಯಿಂದ ಎಪಿಎಂಸಿ ಯಾರ್ಡ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: “ನಾವು ಹತ್ತು ರೂಪಾಯಿ ಬನ್ ಮಾರಿದ್ದು ಇವರಿಗೆ ಕಾಣುತ್ತೆ. ಸಾವಿರಾರು ಕೋಟಿ ಫಾರಿನ್‌ಗೆ ಹೋಗಿದ್ದು ಯಾಕೆ ಸಾರ್ ಕಾಣಲ್ಲ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಒಂದು ಮುಜುಗರದ ಸಂಗತಿ ಎದುರಾಗುತ್ತೆ. ಆ ಸಾವಿರಾರು ಕೋಟಿ ಸೂಟ್‌ಕೇಸ್‌ನಲ್ಲಿ ವಿಮಾನ ಹತ್ತಿ ಹೋಗೋದು ಸಿನಿಮಾದಲ್ಲಿ ಮಾತ್ರ. ನಿಜವಾಗಿ ಅದು ಹೋಗೋದು ನಮ್ಮ ನಿಮ್ಮಂಥವರ ಹೆಸರಿನ ಕರೆಂಟ್ ಅಕೌಂಟ್, ನಮ್ಮ ನಿಮ್ಮಂಥವರ ಪ್ಯಾನ್, ಆಧಾರ್ ಮೂಲಕ. ಈ ವಿಷಯದಲ್ಲಿ ಅಂಗಡಿಯವರು ದೂರದಲ್ಲಿ ನಿಂತು ನೋಡುವ ಪ್ರೇಕ್ಷಕರಾಗಿ ಉಳಿದಿಲ್ಲ. ಅದಕ್ಕೇ ಈ ಲೇಖನ.

ಮೊದಲು ಒಂದು ಗೊಂದಲ ಬಗೆಹರಿಸೋಣ. ತೆರಿಗೆ ಬಾಕಿ ಬೇರೆ, ಅಕ್ರಮ ಹಣ ವರ್ಗಾವಣೆ ಬೇರೆ. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ಸರಕು ವ್ಯಾಪಾರ, ಅಥವಾ 20 ಲಕ್ಷ ಮೀರಿದ ಸೇವೆ ಇದ್ದರೆ ಜಿಎಸ್‌ಟಿ ನೋಂದಣಿ ಬೇಕು. ಆ ನೋಟಿಸ್‌ಗಳು ಬಂದಿದ್ದು ಆ ಲೆಕ್ಕದಲ್ಲಿ. ಬನ್ ಮಾರಿದ ದುಡ್ಡು ಕಷ್ಟಪಟ್ಟು ದುಡಿದ ದುಡ್ಡು, ಅದರ ತೆರಿಗೆ ಬಗ್ಗೆ ಜಗಳ ಇರಬಹುದು ಅಷ್ಟೇ. ಅಕ್ರಮ ಹಣ ವರ್ಗಾವಣೆ ಅಂದರೆ ವಂಚನೆ, ಲಂಚ, ಕಳ್ಳಸಾಗಣೆ, ಮಾದಕ ವಸ್ತು, ಸೈಬರ್ ಮೋಸ, ಇಂಥ ಅಪರಾಧದಿಂದ ಬಂದ ದುಡ್ಡಿಗೆ ‘ಇದು ನ್ಯಾಯವಾಗಿ ದುಡಿದದ್ದು’ ಅನ್ನೋ ವೇಷ ಹಾಕೋದು. ಅದಕ್ಕಿರುವ ಕಾನೂನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2002ರದ್ದು. ಜಾರಿಗೆ ಬಂದದ್ದು 2005ರ ಜುಲೈ 1ರಂದು. ತನಿಖೆ ಮಾಡೋದು ಜಾರಿ ನಿರ್ದೇಶನಾಲಯ, ಅಂದರೆ ನಾವು ದಿನಾ ಟಿವಿಯಲ್ಲಿ ಕೇಳುವ ಇ.ಡಿ.

ಬಂಡವಾಳ ಪಲಾಯನ ಅನ್ನೋದು ಮೂರನೆಯದು. ದೇಶದೊಳಗೆ ಇರಬೇಕಾದ, ಅಥವಾ ದೇಶಕ್ಕೆ ಬರಬೇಕಾದ ದುಡ್ಡನ್ನ ಕದ್ದು ಹೊರಗೆ ಇಡೋದು. ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹೇಗೆ ಅಂತ ತಿಳಿಯೋಕೆ ದೆಹಲಿಯ ಒಂದು ಪ್ರಕರಣವನ್ನ ನಿಧಾನಕ್ಕೆ ನೋಡಬೇಕು.

ಅಶೋಕ್ ವಿಹಾರ್‌ನ 59 ಖಾತೆಗಳು

ದೆಹಲಿಯ ಅಶೋಕ್ ವಿಹಾರ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದ ಒಂದು ಶಾಖೆ. ದೊಡ್ಡ ಶಾಖೆಯೇನಲ್ಲ. ವಿದೇಶಿ ವಿನಿಮಯ ವ್ಯವಹಾರಕ್ಕೆ ಅದಕ್ಕೆ ಅನುಮತಿ ಸಿಕ್ಕಿದ್ದೇ 2013ರಲ್ಲಿ. 2014-15ರ ಸುಮಾರು ಒಂದು ವರ್ಷದ ಅವಧಿಯಲ್ಲಿ ಅಲ್ಲಿಂದ ಹೊರದೇಶಕ್ಕೆ ಹಣ ಹೋಗೋದು ಇದ್ದಕ್ಕಿದ್ದಂತೆ ಏರಿತು. 59 ಕರೆಂಟ್ ಅಕೌಂಟ್‌ಗಳು. ಸಿಬಿಐ ಲೆಕ್ಕದಲ್ಲಿ ಸುಮಾರು 6,000 ಕೋಟಿ ರೂಪಾಯಿ. ಬ್ಯಾಂಕು ತಾನೇ ಆಮೇಲೆ ಕೊಟ್ಟ ವಿವರದಲ್ಲಿ ಮೊತ್ತ ಸುಮಾರು 3,500 ಕೋಟಿ, ಹೋದದ್ದು 400ರಷ್ಟು ವಿದೇಶಿ ಪಾರ್ಟಿಗಳಿಗೆ, ಹೆಚ್ಚಿನವು ಹಾಂಗ್‌ಕಾಂಗ್‌ನವು. ಲೆಕ್ಕದಲ್ಲಿ ವ್ಯತ್ಯಾಸ ಇರಲಿ, ಯಾವುದು ತಗೊಂಡರೂ ಅದು ನಮ್ಮ ಊಹೆಗೆ ನಿಲುಕದ ಮೊತ್ತ.

ಕಾರಣ ಏನು ಬರೆದಿದ್ದರು ಗೊತ್ತಾ? ಆಮದಿಗೆ ಮುಂಗಡ. ಗೋಡಂಬಿ, ಬೇಳೆ, ಅಕ್ಕಿ ತರಿಸೋಕೆ ಅಡ್ವಾನ್ಸ್ ಕಳಿಸ್ತಿದ್ದೇವೆ ಅಂತ. ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಯವರನ್ನ ಕೇಳಿ, ಹಸಿ ಗೇರುಬೀಜ ಬರೋದು ಆಫ್ರಿಕಾದಿಂದ. ಹಾಂಗ್‌ಕಾಂಗ್‌ನಲ್ಲಿ ಯಾವ ಗೇರು ತೋಟ ಇದೆ? ಕಿರಾಣಿ ಅಂಗಡಿಯವರಿಗೇ ಹೊಳೆಯುವ ಪ್ರಶ್ನೆ ಇದು. ಹಣ ಹೋಯಿತು, ಸರಕು ಮಾತ್ರ ಬರಲೇ ಇಲ್ಲ.

ಒಂದೊಂದು ಕಂತೂ 1 ಲಕ್ಷ ಡಾಲರ್‌ಗಿಂತ ಕಡಿಮೆ, ಅಂದರೆ ಆಗಿನ ದರದಲ್ಲಿ 65 ಲಕ್ಷ ರೂಪಾಯಿ ಒಳಗೆ. ಯಾಕಂದರೆ 1 ಲಕ್ಷ ಡಾಲರ್ ದಾಟಿದರೆ ಸರಕು ಬಂದ ಬಗ್ಗೆ ಕಸ್ಟಮ್ಸ್ ದಾಖಲೆ ಒಪ್ಪಿಸಬೇಕು ಅನ್ನೋದು ಆಗಿನ ನಿಯಮ. ಅದರ ಕೆಳಗೆ ಉಳಿದರೆ ಯಾರೂ ಅಷ್ಟು ಒತ್ತಿ ಕೇಳ್ತಿರಲಿಲ್ಲ. ಬೇಲಿ ಎಲ್ಲಿ ತಗ್ಗಿದೆ ಅಂತ ಅಳತೆ ಮಾಡಿಯೇ ಹಾರಿದ್ದರು. ಸಿಬಿಐ ಪ್ರಕಾರ ಇಂಥ ಸುಮಾರು 8,000 ವರ್ಗಾವಣೆ ನಡೆದವು.

ದುಡ್ಡು ಈ ಖಾತೆಗಳಿಗೆ ಬಂದದ್ದು ಎಲ್ಲಿಂದ? ಸ್ವಲ್ಪ ಭಾಗ ನಗದಾಗಿ, ಬಹುಪಾಲು ಬೇರೆ 30 ಬ್ಯಾಂಕುಗಳ ಖಾತೆಗಳಿಂದ. ಅಂದರೆ ಅಶೋಕ್ ವಿಹಾರ್‌ಗೆ ಬರುವ ಹೊತ್ತಿಗೇ ಆ ಹಣ ಎರಡು ಮೂರು ಖಾತೆ ಸುತ್ತಿ, ‘ಬ್ಯಾಂಕಿನಿಂದ ಬಂದ ದುಡ್ಡು’ ಆಗಿತ್ತು. ಕೊಳೆ ಬಟ್ಟೆಯನ್ನ ಎರಡು ನೀರಲ್ಲಿ ಜಾಲಿಸಿ ಮೂರನೇ ನೀರಿಗೆ ತಂದ ಹಾಗೆ. 2015ರ ಅಕ್ಟೋಬರ್ 10ರಂದು ಸಿಬಿಐ ದಾಳಿ ಮಾಡಿತು, ಎರಡು ದಿನದಲ್ಲಿ ಶಾಖೆಯ ಮುಖ್ಯಸ್ಥರನ್ನೂ ವಿದೇಶಿ ವಿನಿಮಯ ನೋಡಿಕೊಳ್ಳುತ್ತಿದ್ದ ಅಧಿಕಾರಿಯನ್ನೂ ಬಂಧಿಸಿತು.

ವಿಚಿತ್ರ ನೋಡಿ, ಅದಕ್ಕೆ ಹತ್ತೇ ದಿನ ಮೊದಲು, ಸೆಪ್ಟೆಂಬರ್ 30ಕ್ಕೆ, ವಿದೇಶದ ಕಪ್ಪು ಹಣ ತಾವಾಗಿ ಘೋಷಿಸಿಕೊಳ್ಳೋಕೆ ಕೇಂದ್ರ ಸರ್ಕಾರ ಕೊಟ್ಟಿದ್ದ ಅವಕಾಶ ಮುಗಿದಿತ್ತು. ಇಡೀ ದೇಶದಿಂದ ಬಂದದ್ದು 644 ಘೋಷಣೆ, ಒಟ್ಟು 4,164 ಕೋಟಿ. ಒಂದು ಕಡೆ ಇಡೀ ದೇಶ ಒಪ್ಪಿಕೊಂಡ ಮೊತ್ತ, ಇನ್ನೊಂದು ಕಡೆ ಒಂದೇ ಬೀದಿಯ ಒಂದೇ ಶಾಖೆಯಿಂದ ಒಂದು ವರ್ಷದಲ್ಲಿ ಹೊರಹೋದ ಮೊತ್ತ.

ಹಣ ಹೊರಗೆ ಯಾಕೆ ಬೇಕು?

ಕಪ್ಪು ಹಣ ಇದ್ದವನು ಇಲ್ಲೇ ಸೈಟು, ಚಿನ್ನ ತಗೊಂಡು ಸುಮ್ಮನಿರಬಹುದಲ್ಲ, ಹಾಂಗ್‌ಕಾಂಗ್ ಯಾಕೆ? ಬಚ್ಚಿಡೋದು ಒಂದು ಕಾರಣ ಮಾತ್ರ. ವ್ಯಾಪಾರಿಗಳಿಗೆ ಬೇಗ ಅರ್ಥವಾಗುವ ಇನ್ನೆರಡು ಕಾರಣ ಇವೆ. ಇಲ್ಲಿ ಹೇಳುವ ಅಂಕಿ ಲೆಕ್ಕ ತಿಳಿಯಲಿ ಅಂತ ನಾನೇ ಹಾಕಿದ್ದು.

ಒಬ್ಬ ಆಮದುದಾರ ಚೀನಾದಿಂದ 1 ಕೋಟಿ ರೂಪಾಯಿಯ ಆಟಿಕೆ, ಎಲೆಕ್ಟ್ರಾನಿಕ್ ಸಾಮಾನು ತರಿಸ್ತಾನೆ. ಕಸ್ಟಮ್ಸ್ ಸುಂಕ ಉಳಿಸೋಕೆ ಬಿಲ್ 40 ಲಕ್ಷಕ್ಕೆ ಮಾಡಿಸ್ತಾನೆ. ಸುಂಕ ಶೇ 20 ಅಂತಿಟ್ಟುಕೊಂಡರೆ 12 ಲಕ್ಷ ಉಳಿಯಿತು. ಆದರೆ ಅಲ್ಲಿಯ ಮಾರಾಟಗಾರ ಪೂರ್ತಿ 1 ಕೋಟಿ ಕೇಳ್ತಾನಲ್ಲ? ಬಿಲ್ ಇರೋದು 40 ಲಕ್ಷಕ್ಕೆ, ಬ್ಯಾಂಕು ಅಷ್ಟೇ ಕಳಿಸುತ್ತೆ. ಉಳಿದ 60 ಲಕ್ಷ ಬೇರೆ ದಾರಿಯಲ್ಲಿ ಹೋಗಬೇಕು. ಆ ದಾರಿಯೇ ಇಂಥ ನಕಲಿ ‘ಗೋಡಂಬಿ ಅಡ್ವಾನ್ಸ್’, ಇಲ್ಲವೇ ಹವಾಲಾ. ನಿಯತ್ತಾಗಿ ಪೂರ್ತಿ ಸುಂಕ ಕಟ್ಟಿ ತರಿಸಿದ ಸಾಮಾನು ಮಾರುವ ಅಂಗಡಿಯವನು ಇವನ ದರಕ್ಕೆ ಹೇಗೆ ಪೈಪೋಟಿ ಕೊಡ್ತಾನೆ ಹೇಳಿ. “ಅದೇ ಐಟಂ ಅಲ್ಲಿ ಅರ್ಧ ರೇಟಿಗೆ ಸಿಗುತ್ತೆ” ಅಂತ ಗಿರಾಕಿ ಎದ್ದು ಹೋದಾಗ, ಕೆಲವು ಸಲ ಅದರ ಹಿಂದಿನ ಕಥೆ ಇದು.

ಇನ್ನೊಂದು ಇನ್ನೂ ಚಾಲಾಕಿ. ರಫ್ತು ಮಾಡುವವರಿಗೆ ಸರ್ಕಾರ ಡ್ಯೂಟಿ ಡ್ರಾಬ್ಯಾಕ್ ಅಂತ ಸ್ವಲ್ಪ ಹಣ ವಾಪಸ್ ಕೊಡುತ್ತೆ, ಬಿಲ್ ಮೊತ್ತದ ಇಂತಿಷ್ಟು ಪಾಲು. 100 ರೂಪಾಯಿ ಅಂಗಿಗೆ 500 ಅಂತ ಬಿಲ್ ಹಾಕಿದರೆ ಶೇ 7ರ ಲೆಕ್ಕದಲ್ಲಿ 7 ರೂಪಾಯಿ ಬದಲು 35 ರೂಪಾಯಿ ಸಿಗುತ್ತೆ. ಆದರೆ ವಿದೇಶದಿಂದ 500 ಬಂದದ್ದು ಬ್ಯಾಂಕಿನಲ್ಲಿ ಕಾಣಬೇಕು. ನಿಜವಾದ ಗಿರಾಕಿ ಕೊಡೋದು 100 ಮಾತ್ರ. ಉಳಿದ 400 ರೂಪಾಯಿ? ಇಲ್ಲಿಂದಲೇ ಹೊರಗೆ ಕಳಿಸಿ, ಅಲ್ಲಿಂದ ‘ಅಂಗಿಯ ಬೆಲೆ’ ಅಂತ ವಾಪಸ್ ತರಿಸಬೇಕು. ಹೋಗುವಾಗ ಗೋಡಂಬಿ, ಬರುವಾಗ ಅಂಗಿ. ದುಡ್ಡು ಅದೇ. ಅಶೋಕ್ ವಿಹಾರ್ ಪ್ರಕರಣದಲ್ಲಿ ಇ.ಡಿ. ಬಂಧಿಸಿದ ಕೆಲವರ ಮೇಲೆ ಇದ್ದ ಆರೋಪ ಇದೇ ರೀತಿಯದು. ಅಂದರೆ ಹೊರಗೆ ಹೋದ ಹಣ ಎಲ್ಲವೂ ಸ್ವಿಸ್ ಲಾಕರ್‌ನಲ್ಲಿ ಕೂತಿರುತ್ತೆ ಅಂದುಕೊಳ್ಳಬೇಡಿ. ಎಷ್ಟೋ ಹಣ ಒಂದು ಸುತ್ತು ಹೊಡೆದು, ತೊಳೆದುಕೊಂಡು, ಸರ್ಕಾರದ ಬೊಕ್ಕಸಕ್ಕೂ ಕೈ ಹಾಕಿ ವಾಪಸ್ ಬರುತ್ತೆ.

ಇದಾದ ಮೇಲೆ, 2016ರ ಅಕ್ಟೋಬರ್‌ನಿಂದ, ಆಮದಿಗೆ ಹೋದ ಪ್ರತಿ ಪಾವತಿಯನ್ನೂ ಕಸ್ಟಮ್ಸ್‌ನ ದಾಖಲೆ ಜೊತೆ ಕಂಪ್ಯೂಟರಿನಲ್ಲೇ ತಾಳೆ ನೋಡುವ ವ್ಯವಸ್ಥೆ ರಿಸರ್ವ್ ಬ್ಯಾಂಕ್ ತಂದಿತು. ಬೇಲಿಯ ಆ ತಗ್ಗು ಸ್ವಲ್ಪ ಎತ್ತರ ಆಯಿತು.

ನಮ್ಮ ಮನೆ ಮುಂದಿನ ಉದಾಹರಣೆ: ಬಳ್ಳಾರಿ ಅದಿರು

ದೆಹಲಿ ಕಥೆ ಸಾಕು, ನಮ್ಮ ರಾಜ್ಯಕ್ಕೆ ಬರೋಣ. ಅದಿರಿನ ಲಾರಿ ಸಾಲು ನೋಡಿದವರು ಬಳ್ಳಾರಿ, ಹೊಸಪೇಟೆ, ಅಂಕೋಲಾ ಕಡೆ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ 2006ರಿಂದ 2010ರವರೆಗೆ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿತ್ತು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಸುಮಾರು 5 ಲಕ್ಷ ಟನ್ ಅದಿರು ಕಾವಲಿದ್ದಾಗಲೇ ಹಡಗು ಹತ್ತಿ ಹೋಯಿತು. ಟನ್‌ಗಟ್ಟಲೆ ಕಲ್ಲುಮಣ್ಣು ಕಾಣದಂತೆ ಹೋಗಬಹುದಾದರೆ, ಕಾಗದದ ಮೇಲಿನ ಹಣ ಹೋಗೋದು ಯಾವ ಲೆಕ್ಕ!

ಪರ್ಮಿಟ್ ಇಲ್ಲದ ಅದಿರು, ಓವರ್‌ಲೋಡ್ ಲಾರಿ, ಇವೆಲ್ಲ ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ಬಿಲ್ಲಿನಲ್ಲಿ ಇತ್ತು. ಟನ್‌ಗೆ 100 ಡಾಲರ್ ಬೆಲೆಯ ಅದಿರನ್ನ 60 ಡಾಲರ್ ಅಂತ ತೋರಿಸಿ ಹೊರದೇಶದ ಒಂದು ಕಂಪನಿಗೆ ಮಾರೋದು. ಆ ಕಂಪನಿ ಅದನ್ನ ಚೀನಾಕ್ಕೆ ಪೂರ್ತಿ ಬೆಲೆಗೆ ಮಾರೋದು. ನಡುವಿನ 40 ಡಾಲರ್ ಭಾರತಕ್ಕೆ ಬರೋದೇ ಇಲ್ಲ. (ಈ ಅಂಕಿಯೂ ಉದಾಹರಣೆಗೆ ಮಾತ್ರ.) ಇಂಥ ಕಡಿಮೆ ಬೆಲೆಯ ಇನ್‌ವಾಯ್ಸ್‌ಗಳ ಪ್ರಸ್ತಾಪ ಲೋಕಾಯುಕ್ತ ವರದಿಯಲ್ಲೂ ಬಂದಿತ್ತು. ಇಲ್ಲಿ ಯಾರೂ ದುಡ್ಡನ್ನ ‘ಕಳಿಸಲಿಲ್ಲ’. ಬರಬೇಕಾದದ್ದು ಬರದ ಹಾಗೆ ನೋಡಿಕೊಂಡರು, ಅಷ್ಟೇ. ಬಂಡವಾಳ ಪಲಾಯನದ ಅತ್ಯಂತ ಸದ್ದಿಲ್ಲದ ರೂಪ ಇದು. ಮಣ್ಣು ನಮ್ಮದು, ಧೂಳು ತಿಂದದ್ದು ನಾವು, ರಸ್ತೆ ಹಾಳಾಗಿದ್ದು ನಮ್ಮದು, ಬೆಲೆಯ ದೊಡ್ಡ ತುಂಡು ಬೇರೆ ದೇಶದ ಖಾತೆಯಲ್ಲಿ.

ಇನ್ನು ಸದ್ದು ಮಾಡಿದ ರೂಪ ಬೇಕಾದರೆ ವಿಜಯ್ ಮಲ್ಯ ಪ್ರಕರಣ ಇದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು: ಆಸ್ತಿ ಯಾರಿಗೂ ವರ್ಗಾಯಿಸಬಾರದು ಅಂತ ಕರ್ನಾಟಕ ಹೈಕೋರ್ಟ್ ಆದೇಶ ಇದ್ದಾಗಲೇ, ಡಿಯಾಜಿಯೊ ಕಂಪನಿಯಿಂದ 2016ರಲ್ಲಿ ಬಂದ 4 ಕೋಟಿ ಡಾಲರನ್ನ ಅವರು ಮಕ್ಕಳ ಹೆಸರಿಗೆ ವರ್ಗ ಮಾಡಿದ್ದರು. ಮಾರ್ಚ್ 2ಕ್ಕೆ ದೇಶ ಬಿಟ್ಟರು. ಸುಪ್ರೀಂ ಕೋರ್ಟ್ ಇದನ್ನ ನ್ಯಾಯಾಂಗ ನಿಂದನೆ ಅಂತ ತೀರ್ಮಾನಿಸಿ, 2022ರ ಜುಲೈನಲ್ಲಿ ನಾಲ್ಕು ತಿಂಗಳ ಜೈಲು ಮತ್ತು 2,000 ರೂಪಾಯಿ ದಂಡ ವಿಧಿಸಿತು, ಹಣವನ್ನ ಬಡ್ಡಿ ಸಮೇತ ವಾಪಸ್ ಕಟ್ಟಬೇಕು ಅಂತಲೂ ಹೇಳಿತು. ಅವರ ಆಸ್ತಿ ಜಪ್ತಿ ಮಾಡಿ ಬ್ಯಾಂಕುಗಳಿಗೆ 14,131.6 ಕೋಟಿ ವಾಪಸ್ ಕೊಟ್ಟಿದ್ದೇವೆ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದ್ದರು. ಇಲ್ಲೇ ಉಳಿದ ಆಸ್ತಿ ಸಿಕ್ಕಿತು. ದೇಶ ದಾಟಿದ ಹಣದ ಬೆನ್ನು ಹತ್ತೋದು ಎಷ್ಟು ಕಷ್ಟ ಅನ್ನೋದಕ್ಕೂ ಇದೇ ಪ್ರಕರಣ ಸಾಕ್ಷಿ.

ಹವಾಲಾ: ಗಡಿ ದಾಟದ ದುಡ್ಡು

ಗಲ್ಫ್‌ನಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಭಟ್ಕಳ, ಉಡುಪಿ, ಮಂಗಳೂರು ಕಡೆಯಂತೂ ಬೀದಿಗೊಂದು. ಹಾಗಾಗಿ ಹವಾಲಾ ಅಂದರೆ ಬರೀ ಡಾನ್‌ಗಳ ವ್ಯವಹಾರ ಅಂದುಕೊಂಡರೆ ತಪ್ಪಾಗುತ್ತೆ.

ದುಬೈನಲ್ಲಿರುವ ಹುಡುಗನಿಗೆ ಮನೆಗೆ 50 ಸಾವಿರ ರೂಪಾಯಿ ಕಳಿಸಬೇಕು. ಬ್ಯಾಂಕಿಗಿಂತ ಸ್ವಲ್ಪ ಒಳ್ಳೆ ರೇಟ್ ಕೊಡ್ತೀನಿ ಅಂತ ಒಬ್ಬ ಏಜೆಂಟ್ ದಿರ್ಹಾಮ್ ಇಸ್ಕೋತಾನೆ. ಸಂಜೆಯೊಳಗೆ ಇಲ್ಲಿ ಯಾರೋ ಬೈಕಿನಲ್ಲಿ ಬಂದು ಮನೆಗೆ ನಗದು ಕೊಟ್ಟು ಹೋಗ್ತಾನೆ. ಯಾವ ಹಣವೂ ಸಮುದ್ರ ದಾಟಲಿಲ್ಲ. ಹಾಗಾದರೆ ಇಲ್ಲಿ ಕೊಟ್ಟ ಆ 50 ಸಾವಿರ ಎಲ್ಲಿಂದ ಬಂತು?

ಅದು ದುಬೈನಲ್ಲಿ ಹಣ ಬೇಕಾದ ಇನ್ಯಾರದ್ದೋ ಕಪ್ಪು ಹಣ. ಅವನು ಇಲ್ಲಿ ರೂಪಾಯಿ ಕೊಟ್ಟ, ಅಲ್ಲಿ ಹುಡುಗನ ದಿರ್ಹಾಮ್ ಅವನಿಗೆ ಸೇರಿತು. ಬೆವರು ಸುರಿಸಿದ ಹುಡುಗನ ವಿದೇಶಿ ಹಣ ಭಾರತಕ್ಕೆ ಬರಲಿಲ್ಲ. ಲಂಚ ಹೊಡೆದವನ ಸಂಪತ್ತು ದುಬೈಗೆ ತಲುಪಿತು. ಜಗತ್ತಿನಲ್ಲೇ ಅತಿ ಹೆಚ್ಚು ಹಣ ತಾಯ್ನಾಡಿಗೆ ಬರೋದು ಭಾರತಕ್ಕೆ. ಪೆಟ್ರೋಲ್, ಗೊಬ್ಬರ, ಅಡುಗೆ ಎಣ್ಣೆ ತರಿಸೋಕೆ ಬೇಕಾದ ಡಾಲರ್‌ಗೆ ಅದು ದೊಡ್ಡ ಆಸರೆ. ಹವಾಲಾ ಆ ನೀರನ್ನ ಕಾಲುವೆಯ ತಲೆಯಲ್ಲೇ ತಿರುಗಿಸಿಕೊಳ್ಳುತ್ತೆ.

ಆ ಹುಡುಗ ಕಳ್ಳನಲ್ಲ. ಆದರೆ ಮನೆಗೆ ಬಂದ ನೋಟು ಯಾವ ಪ್ರಕರಣದ ನೋಟು ಅಂತ ಅವನ ತಾಯಿಗೆ ಗೊತ್ತಿರಲ್ಲ. ಲೆಕ್ಕ ಸರಿದೂಗಿಸೋಕೆ ಎಷ್ಟೋ ಸಲ ಚಿನ್ನ ಓಡಾಡುತ್ತೆ. 2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ದುಬೈನಿಂದ ಬಂದ 14 ಕಿಲೋಗೂ ಹೆಚ್ಚು ಚಿನ್ನ ಸಿಕ್ಕಿದ ಪ್ರಕರಣದಲ್ಲೂ ತನಿಖೆಯವರು ಕೋರ್ಟಿನಲ್ಲಿ ಹವಾಲಾ ಹೆಸರು ಎತ್ತಿದ್ದು ಪೇಪರಿನಲ್ಲಿ ಬಂದಿತ್ತು.

ಹಾಗಂತ ಹೊರದೇಶಕ್ಕೆ ಹಣ ಕಳಿಸೋದೇ ಅಪರಾಧ ಅಂತ ಹೆದರಬೇಡಿ. ಮಗಳು ಜರ್ಮನಿಯಲ್ಲಿ ಎಂಎಸ್ ಓದ್ತಿದ್ದಾಳೆ, ಫೀಸು ಕಳಿಸಿದರೆ ಇ.ಡಿ. ಬರುತ್ತಾ ಅಂತ ಕೇಳೋರಿದ್ದಾರೆ. ಬರಲ್ಲ. ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳಿಸಬಹುದು. ಟಿಸಿಎಸ್ ಹಿಡಿದರೂ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಬಾಡಿಗೆ ಖಾತೆ ಅನ್ನೋ ಬಲೆ

ಈಗ ನಮ್ಮ ಪೇಟೆ ಬೀದಿಗೆ ಬರೋಣ. ಇಷ್ಟೆಲ್ಲಾ ಹಣ ಓಡಾಡೋಕೆ ಖಾತೆ ಬೇಕಲ್ಲ? ದೊಡ್ಡವರು ತಮ್ಮ ಹೆಸರಿನ ಖಾತೆ ಬಳಸಲ್ಲ. ಅವರಿಗೆ ಬೇಕಾಗಿರೋದು ಹಳೆಯ, ನಂಬಿಕೆಯ, ದಿನಾ ವ್ಯವಹಾರ ಇರುವ ಖಾತೆ. ಅಂದರೆ ಅಂಗಡಿಯವರ ಕರೆಂಟ್ ಅಕೌಂಟ್. ಇದನ್ನ ಪೊಲೀಸರು, ಬ್ಯಾಂಕಿನವರು ಮ್ಯೂಲ್ ಅಕೌಂಟ್ ಅಂತಾರೆ, ಹೇಸರಗತ್ತೆ ಖಾತೆ. ಹೊರೆ ಯಾರದ್ದೋ, ಹೊರೋದು ಇವನು.

ಕೇಳುವ ರೀತಿ ತುಂಬಾ ಮೆತ್ತಗಿರುತ್ತೆ. “ಅಣ್ಣಾ, ನಿಮ್ಮ ಅಕೌಂಟ್ ಸುಮ್ಮನೆ ಬಿದ್ದಿದೆ. ನನ್ನ ಕಂಪನಿ ದುಡ್ಡು ಎರಡು ದಿನ ಬಂದು ಹೋಗುತ್ತೆ. ಲಕ್ಷಕ್ಕೆ ಇಷ್ಟು ಅಂತ ಕಮಿಷನ್.” ಕೆಲವರು ಸಿಮ್, ಪಾಸ್‌ಬುಕ್, ಎಟಿಎಂ ಕಾರ್ಡ್ ಸೇರಿಸಿ ತಿಂಗಳ ಬಾಡಿಗೆಗೇ ಕೇಳ್ತಾರೆ. ಕಾಲೇಜು ಹುಡುಗರನ್ನ ಟೆಲಿಗ್ರಾಂನಲ್ಲಿ ಹಿಡೀತಾರೆ. ಇನ್ನು ಕೆಲವರು ಲೋನ್ ಮಾಡಿಸ್ತೀವಿ ಅಂತ ಪ್ಯಾನ್, ಆಧಾರ್ ತಗೊಂಡು ಅದರ ಮೇಲೆ ಜಿಎಸ್‌ಟಿ ನೋಂದಣಿ ಮಾಡಿಸಿ, ಸರಕೇ ಇಲ್ಲದ ಬಿಲ್ ಹರಿದು ಮಾರ್ತಾರೆ. ವರ್ಷ ಆದ ಮೇಲೆ ಗಾರೆ ಕೆಲಸದವನ ಮನೆಗೆ ಕೋಟಿ ರೂಪಾಯಿ ವಹಿವಾಟಿನ ನೋಟಿಸ್ ಬರುತ್ತೆ.

ಬರುವ ದುಡ್ಡು ಯಾರದ್ದು? ಇತ್ತೀಚೆಗೆ ಬಹುಪಾಲು ‘ಡಿಜಿಟಲ್ ಅರೆಸ್ಟ್’, ನಕಲಿ ಟ್ರೇಡಿಂಗ್ ಆ್ಯಪ್‌ಗಳಲ್ಲಿ ಮೋಸ ಹೋದವರದ್ದು. ಯಾರೋ ನಿವೃತ್ತ ಮೇಷ್ಟ್ರ ಪಿಂಚಣಿ ಗಂಟು ಇರಬಹುದು ಅದು. ಒಂದು ಖಾತೆಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಗಂಟೆಯೊಳಗೆ ಚೂರಾಗಿ, ಕೊನೆಗೆ ಕ್ರಿಪ್ಟೊ ಆಗಿ ಕಾಂಬೋಡಿಯಾ, ಮ್ಯಾನ್ಮಾರ್ ಕಡೆಯ ವಂಚಕರ ಕೈ ಸೇರುತ್ತೆ. ಆ ಕ್ರಿಪ್ಟೊ ವ್ಯವಹಾರವನ್ನೂ 2023ರ ಮಾರ್ಚ್‌ನಲ್ಲಿ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ಬಾಡಿಗೆ ಖಾತೆ ಹುಡುಕೋಕೆ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನೋವೇಷನ್ ಹಬ್ ‘ಮ್ಯೂಲ್‌ಹಂಟರ್’ ಅನ್ನೋ ಸಾಫ್ಟ್‌ವೇರ್ ಮಾಡಿದೆ. ವರ್ಷವೆಲ್ಲ ದಿನಕ್ಕೆ ಐದು ಸಾವಿರ ಬರುವ ಖಾತೆಗೆ ಒಂದು ಮಧ್ಯಾಹ್ನ 30 ಲಕ್ಷ ಬಂದು ಸಂಜೆಗೆ ಖಾಲಿ ಆದರೆ ಇಂಥ ವ್ಯವಸ್ಥೆಗೆ ಸಂಶಯ ಬಾರದೇ ಇರುತ್ತಾ?

ಕಾನೂನು ಇಲ್ಲಿ ಬಿಗಿ ಇದೆ. ಗೊತ್ತಿದ್ದೂ ನೆರವಾದವರೂ ಅಪರಾಧಿಗಳೇ. ಶಿಕ್ಷೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು. ಮಾದಕ ವಸ್ತು ನಂಟಿದ್ದರೆ ಹತ್ತು. ಒಮ್ಮೆ ಆರೋಪ ಹೊರಿಸಿದ ಮೇಲೆ ಆ ಹಣ ಕಳಂಕದ್ದಲ್ಲ ಅಂತ ತೋರಿಸುವ ಭಾರ ಬಹುಮಟ್ಟಿಗೆ ಆರೋಪಿ ಮೇಲೆ ಬೀಳುತ್ತೆ. “ನಂಗೆ ಗೊತ್ತಿರಲಿಲ್ಲ ಸಾರ್” ಅನ್ನೋ ಮಾತಿಗೆ, ಕಮಿಷನ್ ಖಾತೆಗೆ ಬಿದ್ದಿದ್ದರೆ, ಬೆಲೆ ಕಡಿಮೆ.

ಹಾಗಾದರೆ ದೊಡ್ಡವರಿಗೆ? ಇಲ್ಲಿ ಟೀ ಅಂಗಡಿಯ ಸಿಟ್ಟಿನಲ್ಲಿ ಹುರುಳಿದೆ. 2014ರಿಂದ 2024ರವರೆಗೆ ಈ ಕಾಯ್ದೆಯಡಿ 5,297 ಪ್ರಕರಣ ದಾಖಲಾಗಿ, ಶಿಕ್ಷೆ ಆದದ್ದು 40ರಲ್ಲಿ ಅಂತ ಸರ್ಕಾರವೇ 2024ರ ಆಗಸ್ಟ್‌ನಲ್ಲಿ ಲೋಕಸಭೆಗೆ ಹೇಳಿದ್ದು. ತನಿಖೆಯ ಗುಣಮಟ್ಟದ ಕಡೆ ಗಮನ ಕೊಡಿ ಅಂತ ಸುಪ್ರೀಂ ಕೋರ್ಟ್ ಕೂಡ ಇ.ಡಿ.ಗೆ ಹೇಳಿತು. ನಿರಪರಾಧಿಗಳು ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳೋದು, ಅಪರಾಧಿಗಳು ವರ್ಷಗಟ್ಟಲೆ ಎಳೆದಾಡೋದು, ಎರಡೂ ಈ ಅಂಕಿಯಲ್ಲಿ ಅಡಗಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಅನ್ನೋದನ್ನ ಹಿಡಿದು, ಎರಡು ಎಕರೆ ತೋಟದಲ್ಲಿ ಕೋಟಿ ರೂಪಾಯಿ ಬೆಳೆ ಬಂತು ಅಂತ ತೋರಿಸುವ ‘ರೈತ’ರನ್ನ ನಮ್ಮ ಅಡಿಕೆ, ದ್ರಾಕ್ಷಿ ಬೆಳೆಗಾರರು ನೋಡಿ ನಗೋದೂ ಹೊಸದೇನಲ್ಲ.

ಅಂಗಡಿಯವರಿಗೆ ತಿಳಿದಿರಬೇಕಾದ್ದು

ಒಂದೇ ವ್ಯವಹಾರಕ್ಕೆ, ಅಥವಾ ಒಬ್ಬರಿಂದ ಒಂದೇ ದಿನ, 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ. ತಗೊಂಡರೆ ದಂಡ ಅಷ್ಟೇ ಮೊತ್ತ. ಬ್ಯಾಂಕುಗಳು ಒಂದು ತಿಂಗಳಲ್ಲಿ 10 ಲಕ್ಷ ದಾಟಿದ ನಗದು ವ್ಯವಹಾರವನ್ನ, ಮೊತ್ತ ಎಷ್ಟೇ ಇದ್ದರೂ ಸಂಶಯ ಬಂದ ವ್ಯವಹಾರವನ್ನ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಲೇಬೇಕು. ಚಿನ್ನಾಭರಣ ಅಂಗಡಿಯವರಿಗೂ 10 ಲಕ್ಷ ಅಥವಾ ಹೆಚ್ಚಿನ ನಗದು ವ್ಯಾಪಾರಕ್ಕೆ ಈ ಕಾಯ್ದೆಯ ಹೊಣೆ ಇದೆ. ಬ್ಯಾಂಕಿನವರು ‘ಈ ದುಡ್ಡು ಎಲ್ಲಿಂದ ಬಂತು’ ಅಂತ ಕೇಳಿದರೆ ಅವಮಾನ ಅಂದುಕೊಳ್ಳಬೇಡಿ, ಕೇಳದೇ ಹೋದ ಶಾಖೆಯ ಕಥೆ ಮೇಲೆ ಓದಿದ್ದೀರಿ.

ಇನ್ನೊಂದು ತೊಂದರೆ ಏನೂ ತಪ್ಪು ಮಾಡದವರಿಗೂ ಬರುತ್ತೆ. ವಂಚಕನೊಬ್ಬ ಕದ್ದ ದುಡ್ಡಿನಲ್ಲೇ ನಿಮ್ಮ ಅಂಗಡಿಯಲ್ಲಿ ಸಾಮಾನು ಕೊಂಡು ಯುಪಿಐ ಮಾಡ್ತಾನೆ. ಎಲ್ಲೋ ತೆಲಂಗಾಣದಲ್ಲೋ ಗುಜರಾತಿನಲ್ಲೋ ದೂರು ದಾಖಲಾಗಿ, ಆ ಹಣದ ಜಾಡು ಹಿಡಿದು ನಿಮ್ಮ ಖಾತೆಗೆ ತಡೆ ಬೀಳುತ್ತೆ. ಬೆಳಿಗ್ಗೆ ಡಿಸ್ಟ್ರಿಬ್ಯೂಟರ್‌ಗೆ ಪೇಮೆಂಟ್ ಮಾಡೋಕೆ ಹೋದಾಗ ಗೊತ್ತಾಗುತ್ತೆ. ಆಗ ಗಾಬರಿಯಾಗಿ ಏಜೆಂಟರ ಹಿಂದೆ ಹೋಗಬೇಡಿ. ಶಾಖೆಗೆ ಹೋಗಿ ಯಾವ ರಾಜ್ಯದ, ಯಾವ ಠಾಣೆಯ ದೂರು, ದೂರಿನ ಸಂಖ್ಯೆ ಏನು, ಯಾವ ವ್ಯವಹಾರದ ಮೊತ್ತ ಅಂತ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಆ ದಿನದ ಬಿಲ್, ಸ್ಟಾಕ್ ಪುಸ್ತಕ, ಸಾಧ್ಯವಾದರೆ ಸಿಸಿಟಿವಿ ತುಣುಕು ಸೇರಿಸಿ ಆ ಠಾಣೆಯ ತನಿಖಾಧಿಕಾರಿಗೆ ಮೇಲ್ ಮಾಡಿ, ಪ್ರತಿ ಬ್ಯಾಂಕಿಗೂ ಕೊಡಿ. ಪೂರ್ತಿ ಖಾತೆ ಬದಲು ವಿವಾದದ ಮೊತ್ತಕ್ಕೆ ಮಾತ್ರ ತಡೆ ಇಡಿ ಅಂತ ಲಿಖಿತ ಮನವಿ ಕೊಡಿ. ಆಗದಿದ್ದರೆ ವಕೀಲರ ಮೂಲಕ ಕೋರ್ಟಿಗೆ ಹೋಗಬಹುದು.

ಗುರುತಿಲ್ಲದವರಿಂದ ಖಾತೆಗೆ ಹಣ ಬಿದ್ದು, “ತಪ್ಪಿ ಬಂದಿದೆ, ಈ ಬೇರೆ ನಂಬರ್‌ಗೆ ವಾಪಸ್ ಹಾಕಿ” ಅಂತ ಫೋನ್ ಬಂದರೆ ಹಾಕಬೇಡಿ. ಬ್ಯಾಂಕಿಗೆ ತಿಳಿಸಿ, ಬಂದ ಖಾತೆಗೇ ಅವರ ಮೂಲಕ ಹಿಂದಿರುಗಿಸಿ. ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಜಿಎಸ್‌ಟಿ ನೋಂದಣಿ ಇದೆಯಾ ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ಗೊತ್ತಾಗುತ್ತೆ. ಸೈಬರ್ ವಂಚನೆಯ ದೂರಿಗೆ ಸಹಾಯವಾಣಿ 1930, ದಿನದ 24 ಗಂಟೆಯೂ ಇರುತ್ತೆ. ಹಣ ಹೋದ ಮೊದಲ ಗಂಟೆಯಲ್ಲೇ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಹಾರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು; ಕರೆ ಮುಗಿದ ಮೇಲೆ ಸಿಗುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.